ಸಿನಿಮಾ ನೋಡಿ ಬಂದ ಮೇಲಿನ ಜಳಕ

ಗೋಕಾಕಿನ ಟಾಕೀಸಿನಲ್ಲಿ ಹೀರೋ ಸತ್ತನೆಂದರೆ ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ತಲೆಸ್ನಾನ. ಇದು ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ ಕಾನೂನು. ಸತ್ತವರ ಮಣ್ಣಿಗೆ ಹೋಗಿ ಬಂದವರು ಮೈ ತೊಳೆಯದೆ ಹೊಸ್ತಿಲು ದಾಟಬಾರದಲ್ಲ, ಹಾಗೆ. ತನ್ನ ಜೊತೆ ಸಿನಿಮಾ ನೋಡಿ, ಬಸ್ಸಿಳಿದು ಹಸಿದು ಬಂದ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ತಂಬಿಗೆಯಿಂದ ನೀರು ಸುರಿಯುತ್ತಿದ್ದಳು. ನನಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು.

"ಆಯಿ, ಅಂವಾ ಖರೇನ ಸತ್ತಿಲ್ಲ. ಮುಂದಿನ ಸಿನಿಮಾದಾಗ ಮತ್ತ ಬರ್ತಾನ."

"ಬರ್ಲಿ ಬಿಡ. ಕಣ್ಣಾರೆ ನೋಡೇವಿಲ್ಲೊ? ಅತ್ತೇವಿಲ್ಲೊ? ತಲಿ ಬಗ್ಗಸು."

ಮುಂದಿನ ಸಿನಿಮಾದಲ್ಲಿ ಅವನು ಹೊಸ ಅಂಗಿ ತೊಟ್ಟು ಕುಣಿಯುತ್ತ ಬಂದರೆ, "ಬಂದ್ಯಾ ನಮ್ಮಪ್ಪಾ!" ಎಂದು ಇಡೀ ಟಾಕೀಸಿಗೆ ಕೇಳುವಂತೆ ಕೂಗಿ ನನ್ನ ಮಾನ ಕಳೆಯುತ್ತಿದ್ದಳು.

ಮಕ್ಕಳ ಮಾಸಿಕದ ಚಿತ್ರಕತೆಯನ್ನೂ ನಾನೇ ಅವಳಿಗೆ ಓದಿ ಹೇಳಬೇಕಿತ್ತು. ಒಮ್ಮೆ ರಾಜಕುಮಾರ ಬಾವಿಗೆ ಬೀಳುತ್ತಿರುವಲ್ಲಿಗೆ ಕಂತು ಮುಗಿಯಿತು. ರೊಟ್ಟಿ ಬಡಿಯುವಾಗ, ಕುರಿಗೆ ಸೊಪ್ಪು-ತಪ್ಪಲು ಹಾಕುವಾಗ ಅವಳಿಗೆ ಅದೇ ಚಿಂತೆ.

"ಅಮಾಸಿ ಬಂತು. ಇನ್ನೂ ನೆಲಾ ಮುಟ್ಟಿಲ್ಲ ನೋಡ, ಪಾಪ!"

"ಮುಟ್ಟದಿದ್ರ ಚೊಲೋನ ಅಲ್ಲ?" ಎಂದು ಚೇಷ್ಟೆ ಮಾಡಿದೆ. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಹೊಸ ಸಂಚಿಕೆ ಬಂದಾಗ ತೆರೆಯಲು ಬಿಡಲೇ ಇಲ್ಲ. "ಅಲ್ಲೇ ಇರ್ಲಿ ಬಿಡ ಅಂವಾ. ಜೀವಂತ ಅದಾನಲ್ಲ" ಎಂದು ಅದನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಳು.

ಹೋದ ವರ್ಷ ಆಯಿ ತೀರಿಕೊಂಡಳು. ಹುಕ್ಕೇರಿಯ ಗಂಡನ ಮನೆಯಿಂದ ಓಡಿ ಬಂದೆ. ಮಣ್ಣು ಮುಗಿಸಿ ಬಂದವರೆಲ್ಲ ಜಳಕ ಮಾಡಿ ಒಳಗೆ ಹೋದರು. ನಾನು ಅಂಗಳದ ಕಟ್ಟೆ ಬಿಟ್ಟು ಏಳಲಿಲ್ಲ. ಆ ನೀರು ತಲೆಗೆ ಬಿದ್ದರೆ ಅವಳು ಸತ್ತದ್ದನ್ನು ನಾನು ಒಪ್ಪಿದಂತೆ. ಅವ್ವ ತಂಬಿಗೆ ಹಿಡಿದು ಕರೆದಳು, ಬೈದಳು. ಒಲ್ಲೆ ಎಂದೆ.

ಮೊಬೈಲ್ ತೆಗೆದು, ದೀಪಾವಳಿಗೆ ಬಂದಾಗ ನಾನೇ ಮಾಡಿದ್ದ ವಿಡಿಯೋ ಹಚ್ಚಿದೆ. ಅದರಲ್ಲಿ ಆಯಿ ನೀರೊಲೆಯ ಮುಂದೆ ಕೂತು, ಹೊಗೆಗೆ ಕಣ್ಣು ಕಿರಿದು ಮಾಡಿ ಗದರುತ್ತಾಳೆ: "ಅದನ್ನೇನ ಹಿಡದೀದಿ ಮಾರೀ ಮುಂದ? ನೀರ ಆರಾಕತ್ತಾವು. ಏಳು, ಜಳಕಾ ಮಾಡು."

ಅಳು ಒತ್ತರಿಸಿ ಬಂತು. ಎದ್ದು ಹೋಗಿ ಅವ್ವನ ಮುಂದೆ ತಲೆ ಬಗ್ಗಿಸಿದೆ.

ಆ ವಿಡಿಯೋ ಈಗಲೂ ಆಗಾಗ ನೋಡುತ್ತೇನೆ. ನೋಡಿದ ಮೇಲೆ ಜಳಕ ಮಾಡುವುದಿಲ್ಲ. ಅದರಲ್ಲಿ ಯಾರೂ ಸಾಯುವುದಿಲ್ಲ.