ನೆಗಡಿ ಬಾರದ ಚೂಡಾಮಣಿಯವರು

ಲಕ್ಷ್ಮೀಪುರಂನ ಚೂಡಾಮಣಿಯವರಿಗೆ ನೆಗಡಿಯಾದವರನ್ನು ಕಂಡರೆ ಆಗುತ್ತಿರಲಿಲ್ಲ. ಅನುಕಂಪ ಹಾಗಿರಲಿ, ಕರ್ಚೀಫು ಹಿಡಿದವರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ.

"ಪ್ರಾಣಾಯಾಮ ಸರಿಯಾಗಿ ಮಾಡೋರಿಗೆ ನೆಗಡಿ ಎಲ್ಲಿಂದ ಬರತ್ರೀ? ಸೋಮಾರಿಗಳ ಕಾಯಿಲೆ ಅದು," ಎಂದು ಪಾರ್ಕಿನಲ್ಲಿ ಸಿಕ್ಕಿದವರಿಗೆಲ್ಲ ಉಪದೇಶ. ಸಾಕ್ಷಿಗೆ ಗಂಡ ವಿಜಯ್‌ಕುಮಾರ್ ಪಕ್ಕದಲ್ಲೇ ಇರುತ್ತಿದ್ದರು. "ನಮ್ಮನೆಯವರನ್ನೇ ನೋಡಿ. ನನ್ನ ಕೈಗೆ ಸಿಕ್ಕಮೇಲೆ ಒಂದು ಸಲಾನೂ ಸೀನಿಲ್ಲ." ಆ ಮನುಷ್ಯ ತಲೆ ತಗ್ಗಿಸಿಕೊಂಡು ಹೂಂಗುಟ್ಟುತ್ತಿದ್ದರು. ಅವರ ಮೇಲೆ ಹೆಂಡತಿಗಿದ್ದ ದೂರು ಒಂದೇ: ಬಚ್ಚಲಿಗೆ ಹೋದರೆ ನಲ್ಲಿಯನ್ನು ಸುಮ್ಮನೆ ಹರಿಯಬಿಟ್ಟು ನೀರು ಹಾಳು ಮಾಡುತ್ತಾರೆ.

ಇಂಥ ಚೂಡಾಮಣಿಯವರಿಗೆ, ಹಿರಿಯರ ಯೋಗಾಸನ ಸ್ಪರ್ಧೆ ಇನ್ನೇನು ಬಂತು ಎನ್ನುವಾಗ, ಮೂಗು ಕಟ್ಟಿತು.

ಅವರದು ಜೋಡಿ ಸ್ಪರ್ಧೆ. ಜೊತೆಗಾರ್ತಿ ಶ್ರೀರಾಂಪುರದ ಶಾರದ. ಹೋದ ವರ್ಷ ಅಭ್ಯಾಸದ ನಡುವೆ ಶಾರದ ಒಮ್ಮೆ ಸೀನಿದ್ದಕ್ಕೆ, "ಮೂಗು ಸೋರಿಸ್ಕೊಂಡು ನನ್ನ ಪಕ್ಕ ನಿಂತ್ಕೋಬೇಡಿ" ಎಂದು ಚೂಡಾಮಣಿಯವರು ಅವರ ಹೆಸರನ್ನೇ ತೆಗೆಸಿ, ಜೊತೆಗೇ ಯೋಗ ಮಾಡುತ್ತಿದ್ದ ಮೈತ್ರೇಯಿಯ ಜೊತೆ ನಿಂತು ಬಹುಮಾನ ತಂದಿದ್ದರು. ಶಾರದ ಜೀವಮಾನದಲ್ಲಿ ವೇದಿಕೆ ಹತ್ತಿದವರಲ್ಲ. ಈ ಸಲವಾದರೂ ಹತ್ತುತ್ತೇನೆಂದು ಮಗಳಿಗೂ ಬೀಗರಿಗೂ ಹೇಳಿ, ಹೊಸ ಟ್ರ್ಯಾಕ್‌ಸೂಟು ಹೊಲಿಸಿಕೊಂಡು ಕಾದಿದ್ದರು.

ಈ ಸ್ಪರ್ಧೆಯಲ್ಲಿ ಮೈ ಬಾಗಿದರಷ್ಟೇ ಸಾಲದು. ಬಾಯಿ ಮುಚ್ಚಿರಬೇಕು, ಮುಖದಲ್ಲಿ ಮಂದಹಾಸವಿರಬೇಕು. ಇಲ್ಲದಿದ್ದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ಮೂಗು ಕಟ್ಟಿದವರು ಬಾಯಿ ಮುಚ್ಚಿಕೊಂಡು ಎಷ್ಟು ಹೊತ್ತು ಮಂದಹಾಸ ಬೀರಬಹುದು? ಚೂಡಾಮಣಿಯವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿತ್ತು.

ಔಷಧವಾದರೂ ಮಾಡಿಕೊಂಡರೇ? ಅದೂ ಇಲ್ಲ. ಮೆಣಸು ಕುಟ್ಟಿದರೆ ಸದ್ದಾಗುತ್ತದೆ, ಹಬೆ ತೆಗೆದುಕೊಂಡರೆ ನೀಲಗಿರಿ ಎಣ್ಣೆಯ ವಾಸನೆ ಬೀದಿಗೆ ಹೋಗುತ್ತದೆ. ಮರ್ಯಾದೆ ದೊಡ್ಡದು, ಮೂಗು ಚಿಕ್ಕದು! ಮೊದಲ ದಿನ ಪಕ್ಕದ ಮನೆಯ ರಿಪೇರಿಯ ಧೂಳನ್ನು ಬೈದರು, ಮರುದಿನ ಶಾರದ ಹಚ್ಚಿಕೊಂಡ ಪೌಡರನ್ನು.

ಶಾರದ ದಡ್ಡರೇನಲ್ಲ. "ಮೇಡಂ, ನೆಗಡಿಯಾಗಿದ್ರೆ ಹೇಳ್ಬುಡಿ. ಮೈತ್ರೇಯಿ ಖಾಲಿ ಇದಾರೆ, ಹೆಸರು ಬದಲಾಯ್ಸಕ್ಕೆ ನಾಳೆವರೆಗೂ ಟೈಮಿದೆ. ನಾನು ಅವರ ಜೊತೆ ನಿಂತ್ಕೋತೀನಿ."

"ನೆಗಡೀನಾ? ನನಗಾ? ಧೂಳು ಕಣ್ರೀ ಅದು!"

ಒಂದು ಸುಳ್ಳನ್ನು ಇಷ್ಟು ಜೋರಾಗಿ ಹೇಳಿದ ಮೇಲೆ ಹಿಂದೆ ಸರಿಯುವುದು ಚೂಡಾಮಣಿಯವರ ಜಾಯಮಾನದಲ್ಲೇ ಇರಲಿಲ್ಲ. ಶಾರದ ನಂಬಿದರೋ, ನಂಬಿದಂತೆ ಇದ್ದರೋ, ಹೆಸರು ಬದಲಾಯಿಸಲು ಹೋಗಲಿಲ್ಲ.

ಸ್ಪರ್ಧೆಯ ದಿನ ಮೊದಲ ಆಸನಗಳು ಹೇಗೋ ದಾಟಿದವು. ಸರ್ವಾಂಗಾಸನ ಬಂತು. ಇಬ್ಬರೂ ಭುಜದ ಮೇಲೆ ನಿಂತು ಕಾಲೆತ್ತಿ, ಮೇಲೆ ಪಾದಕ್ಕೆ ಪಾದ ಕೂಡಿಸಬೇಕು. ತಲೆ ಕೆಳಗಾದದ್ದೇ ತಡ, ಅಷ್ಟು ದಿನ ಅಡಗಿದ್ದ ಧೂಳೆಲ್ಲ ಗಂಟಲಿಗೆ ಇಳಿಯಿತು. ಚೂಡಾಮಣಿಯವರು ತುಟಿ ಕಚ್ಚಿದರು, ಉಸಿರು ಹಿಡಿದರು. ಕೊನೆಗೆ ಮೈಕಿನವನೂ ತಿರುಗಿ ನೋಡುವಂತೆ ಸೀನಿ, ಕಾಲು ಸಮೇತ ಶಾರದರ ಮೇಲೆ ಬಿದ್ದರು. ಪ್ರೇಕ್ಷಕರಲ್ಲಿ ಶಾರದರ ಬೀಗರೂ ಇದ್ದರು. ಯಾರೋ ನಕ್ಕರು.

ಶಾರದ ಎದ್ದು ಟ್ರ್ಯಾಕ್‌ಸೂಟು ಕೊಡವಿಕೊಂಡರು. ಕಣ್ಣು ತುಂಬಿತ್ತು. "ಒಂದು ಮಾತು ಹೇಳಿದ್ರೆ ಆಗ್ತಿತ್ತು ಮೇಡಂ," ಎಂದಷ್ಟೇ ಹೇಳಿ ಸ್ಕೂಟರು ಹತ್ತಿ ಹೊರಟುಹೋದರು. ಬೈದಿದ್ದರೆ ಚೂಡಾಮಣಿಯವರು ತಿರುಗಿ ಬೈಯಬಹುದಿತ್ತು.

ಮನೆಗೆ ಬಂದವರೇ ಬಚ್ಚಲಿಗೆ ನುಗ್ಗಿ ಚಿಲಕ ಹಾಕಿದರು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಹಿಡಿದಿಟ್ಟಿದ್ದ ಸೀನುಗಳನ್ನೆಲ್ಲ ಸೀನಿದರು.

ಬಾಗಿಲಾಚೆಯಿಂದ ವಿಜಯ್‌ಕುಮಾರರ ದನಿ ಕೇಳಿಸಿತು. ಅದರಲ್ಲಿ ಕೊಂಕಿರಲಿಲ್ಲ.

"ಪ್ಲಾಸ್ಟಿಕ್ ಬಕೆಟ್ ಬೇಡ ಕಣೆ, ಸದ್ದು ಸಾಲಲ್ಲ. ಮೂಲೇಲಿ ತಗಡಿನ ಡಬ್ಬ ಇಟ್ಟಿದೀನಲ್ಲ, ಅದನ್ನ ಬೋರಲು ಹಾಕಿ ಅದರ ಮೇಲೆ ನೀರು ಬಿಡು. ಹೊರಗೆ ಏನೂ ಕೇಳಲ್ಲ."

ಆ ಡಬ್ಬ ಮದುವೆಯಾದ ಹೊಸದರಿಂದಲೂ ಅಲ್ಲೇ ಇತ್ತು. ಚೂಡಾಮಣಿಯವರು ನಲ್ಲಿ ನಿಲ್ಲಿಸಿ, ಅದನ್ನೇ ನೋಡುತ್ತ ನಿಂತರು.