ಅಲುಗದ ಸೂಚ್ಯಂಕ

ಲೀಮಾದ ನಮ್ಮ ಕಚೇರಿಯಲ್ಲಿ ಗಣಿ ಕಂಪನಿಗಳ ಷೇರು ಸೂಚ್ಯಂಕ ಕಟ್ಟುವ ಉಬಾಲ್ದೊನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ದೊಡ್ಡ ಕಂಪನಿಗೆ ಹೆಚ್ಚು ತೂಕ, ಮಾಲೀಕರು ಮಾರದೆ ಹಿಡಿದಿಟ್ಟ ಷೇರು ಲೆಕ್ಕಕ್ಕಿಲ್ಲ, ಇದೇ ಅವನ ಜಪ. ಊಟಕ್ಕೆ ಮನೆಗೆ ಕರೆದಾಗೆಲ್ಲ, ಹೊಸ್ತಿಲು ಬಿಟ್ಟು ಕದಲದ ತನ್ನ ಅತ್ತೆಯನ್ನು ತೋರಿಸಿ, "ಇವರನ್ನೂ ಲೆಕ್ಕಕ್ಕೆ ತಗೋಬೇಡ ಮಾರಾಯ, ಪೇಟೆಗೇ ಬರಲ್ಲ," ಎನ್ನುತ್ತಾನೆ. ಕಂಪನಿಯೊಂದು ಮುಳುಗಿದರೆ ಸಂಜೆಯೊಳಗೆ ಅದನ್ನು ಕಿತ್ತು, ಬದಲಿ ಕಂಪನಿ ಕೂರಿಸಿ, ಒಟ್ಟು ಮೌಲ್ಯವನ್ನು ಭಾಗಿಸುವ ಸಂಖ್ಯೆಯನ್ನೇ ತಿದ್ದಿಬಿಡುತ್ತಾನೆ. "ನೋಡು, ಒಂದು ಪಾಯಿಂಟೂ ಅಲುಗಲಿಲ್ಲ," ಎಂದು ಮೀಸೆ ಸವರುತ್ತಾನೆ. ಬೆಟ್ಟದ ಸತುವಿನ ಗಣಿ ಕುಸಿದು ಊರಿಗೆ ಊರೇ ಬೀದಿಗೆ ಬಿದ್ದ ವಾರವೂ ಹೀಗೆಯೇ ಸವರಿದ. ಊರು ಬಿದ್ದರೂ ನೆಟ್ಟಗೆ ನಿಲ್ಲುವ ಇದೆಂಥ ಅಳತೆಗೋಲು? ಆ ಸಿಟ್ಟು ಆರುವ ಮುನ್ನವೇ ಭಾನುವಾರ ಅವನ ಮನೆಗೆ ಊಟಕ್ಕೆ ಹೋದೆ. ಖಾಲಿ ಕುರ್ಚಿಯೊಂದನ್ನು ಎಳೆದೆ. "ಅಲ್ಲಿ ಕೂತ್ಕೋಬೇಡ. ಅದು ನನ್ನ ತಮ್ಮ ಕ್ರಿಸ್ಪಿನ್‌ದು. ಆ ಸತುವಿನ ಗಣಿ ಕುಸಿದಾಗ ಒಳಗೇ ಸತ್ತ," ಎಂದ ಉಬಾಲ್ದೊ. "ಬದಲಿ ಕೂರಿಸಪ್ಪ, ನಿಂದೇ ನಿಯಮ," ಎಂದೆ. ಅವನ ಕೈ ಮೀಸೆಯ ತನಕ ಏಳಲಿಲ್ಲ. ಲೆಕ್ಕಕ್ಕಿಲ್ಲದ ಅತ್ತೆ ಎದ್ದು ಬಂದು, ಆ ಖಾಲಿ ಕುರ್ಚಿಯ ಮುಂದಿನ ತಟ್ಟೆಗೆ ಮೊದಲ ಮೀನಿನ ತುಂಡು ಬಡಿಸಿದರು.