ಹೆಗಲ ಮೇಲಿನ ಬಿಸಿ ಶರ್ಟು

ಮೇಷ್ಟ್ರು ಬಟ್ಟೆಯ ಗಂಟು ಹಿಡಿದು ಮೊದಲ ಸಲ ಇಸ್ತ್ರಿ ಅಂಗಡಿಗೆ ಬಂದ ದಿನ, ಅಂಗಡಿಯ ಅಕ್ಕ ಅವರ ನಡಿಗೆಯನ್ನೇ ನೋಡುತ್ತ ನಿಂತಿದ್ದಳು. ಇದ್ದದ್ದು ಮೂರೇ ಮೆಟ್ಟಿಲು. ಮೂರಕ್ಕೂ ಅವರು ಗೋಡೆ ಹಿಡಿದರು.

"ಮಂಡಿ ನೋವಾ ಮೇಷ್ಟ್ರೇ?"

"ನನ್ನ ಜೊತೆ ಅದೂ ನಿವೃತ್ತಿ ತಗೊಂಡಿದೆ ಕಣಮ್ಮ. ದಿನಾ ಎಣ್ಣೆ ತಿಕ್ಕಿ, ಶಾಖ ಕೊಟ್ಟು, ಒಂದಿಷ್ಟು ನಡೆಸಿದ್ರೆ ಮಾತ್ರ ಹೇಳಿದ ಮಾತು ಕೇಳುತ್ತೆ. ಮಾತ್ರೆ ಜೊತೆ ಇದನ್ನೂ ಬಿಡಬೇಡಿ ಅಂದಿದ್ದಾರೆ ಡಾಕ್ಟರು."

ಅಕ್ಕ ನಕ್ಕಳು. ತನ್ನ ಬಲಹೆಗಲು ನಾಲ್ಕು ವರ್ಷಗಳಿಂದ ಹಿಂಡುತ್ತಿರುವುದನ್ನು ಮಾತ್ರ ಬಾಯಿ ಬಿಡಲಿಲ್ಲ. ಅರವತ್ತೇಳರ ಹೆಂಗಸಿನ ಕೈ ಸೋತಿದೆಯೆಂದು ತಿಳಿದರೆ ಗಿರಾಕಿಗಳು ಎದುರಿನ ಅಂಗಡಿ ಸೇರುತ್ತಾರೆ ಎಂಬ ಭಯ. ನಲವತ್ತು ವರ್ಷ ಒಂದೂ ಕಲೆಯಿಲ್ಲದೆ ಬಟ್ಟೆ ಕೊಟ್ಟವಳು ಎಂಬ ಹೆಸರು ಬಿಟ್ಟರೆ ಅವಳಿಗೆ ಬೇರೆ ಆಸ್ತಿಯಿರಲಿಲ್ಲ.

ನೋವಿಗೆ ಅವಳದೇ ಒಂದು ಗುಟ್ಟಿನ ಉಪಾಯವಿತ್ತು. ಬೆಳಗ್ಗೆ ಹೆಗಲಿಗೆ ನೋವಿನ ಎಣ್ಣೆ ಹಚ್ಚಿ, ಮೇಲೊಂದು ಟವೆಲು ಹೊದೆಯುವಳು. ಆಗತಾನೇ ಇಸ್ತ್ರಿಯಾದ ಬಟ್ಟೆಯನ್ನು ಮಡಿಸಿ, ಪೇರಿಸುವ ಮೊದಲು ಆ ಟವೆಲಿನ ಮೇಲೆ ಅರೆಗಳಿಗೆ ಇಟ್ಟುಕೊಳ್ಳುವಳು. ಬೆಚ್ಚಗಿನ ಶಾಖ ಮೂಳೆಗೆ ಇಳಿಯುತ್ತಿತ್ತು; ನೋಡಿದವರಿಗೆ ಬಟ್ಟೆ ಹೊತ್ತಿದ್ದಾಳೆ ಎನಿಸುತ್ತಿತ್ತು.

ಒಂದು ದಿನ ಟವೆಲು ಒಗೆಯಲು ಹೋಗಿತ್ತು. ಕೈಯಲ್ಲಿದ್ದದ್ದು ಮೇಷ್ಟ್ರ ಬಿಳಿ ಶರ್ಟು. ಒಂದೇ ನಿಮಿಷ ಎಂದುಕೊಂಡು ಹಾಗೆಯೇ ಇಟ್ಟುಕೊಂಡಳು. ಇಳಿಸಿದಾಗ ಬೆನ್ನಿನ ಭಾಗದಲ್ಲಿ ಅಂಗೈಯಗಲ ಹಳದಿ ಕಲೆ!

ಸಂಜೆ ಮೇಷ್ಟ್ರು ಶರ್ಟನ್ನು ಮೂಗಿನ ಹತ್ತಿರ ಹಿಡಿದರು. "ಇದೇನಮ್ಮ ಇದು?"

"ಮನೆಯಿಂದ ಬಂದಾಗಲೇ ಇತ್ತು ಮೇಷ್ಟ್ರೇ. ನೀವು ಮಂಡಿಗೆ ಎಣ್ಣೆ ತಿಕ್ಕಿದ ಕೈ ತಗುಲಿರಬೇಕು..."

ಮೇಷ್ಟ್ರ ಮುಖ ಸಣ್ಣದಾಯಿತು. "ಹೌದೇನೋ. ನಿನ್ನ ಇಸ್ತ್ರಿಪೆಟ್ಟಿಗೆಗೂ ಮೆತ್ತಿಸಿಬಿಟ್ನಾ? ತಪ್ಪಾಯ್ತು ತಾಯಿ."

ಬೈದಿದ್ದರೆ ಅವಳು ಹೇಗೋ ಸಹಿಸುತ್ತಿದ್ದಳು. ಅವರೇ ತಪ್ಪಾಯ್ತು ಎಂದಾಗ ತಲೆಯೆತ್ತದೆ ಮುಂದಿನ ಬಟ್ಟೆ ಎಳೆದುಕೊಂಡಳು.

ಎರಡು ವಾರ ಕಳೆದ ಮೇಲೆ ಬಟ್ಟೆ ತಂದವರು ಮೇಷ್ಟ್ರ ಹೆಂಡತಿ. "ಅವರು ಎಣ್ಣೆ, ಶಾಖ ಎಲ್ಲಾ ಬಿಟ್ಟುಬಿಟ್ಟಿದ್ದಾರಮ್ಮ. ನಾಲ್ಕು ಜನರ ಮಧ್ಯೆ ವಾಸನೆ ಹೊಡೀತೀನಿ ಅಂತ ಒಂದೇ ಹಠ. ಈಗ ಹಾಸಿಗೆಯಿಂದ ಏಳೋಕೂ ನಾನೇ ಕೈ ಕೊಡಬೇಕು."

ಮಧ್ಯಾಹ್ನ ಊಟದ ತಟ್ಟೆ ಸರಿಸಿ ಅಕ್ಕ ಗಂಡನ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. "ನನ್ನ ಹತ್ರ ಯಾಕೆ ಹೇಳ್ತೀಯೇ?" ಎಂದ ಆತ. "ನಾನೇನು ಮೇಷ್ಟ್ರಾ? ನನಗೆ ಎರಡರ ಮಗ್ಗೀನೇ ಬರಲ್ಲ. ಎದ್ದು ಹೋಗು."

ಹೋದಳು. ಮೇಷ್ಟ್ರು ಎರಡು ದಿಂಬಿಗೆ ಒರಗಿ ಕಾಲು ಚಾಚಿ ಕುಳಿತಿದ್ದರು. ಅಕ್ಕ ಬಾಗಿಲಲ್ಲೇ ನಿಂತು ನೆಲ ನೋಡುತ್ತ ಹೇಳಿದಳು: "ಆ ಕಲೆ ನನ್ನದು. ಎಣ್ಣೆ ಹಚ್ಚಿದ ಹೆಗಲ ಮೇಲೆ ನಿಮ್ಮ ಶರ್ಟು ಇಟ್ಕೊಂಡಿದ್ದೆ. ಸುಳ್ಳು ಹೇಳ್ದೆ."

ಮೇಷ್ಟ್ರು ತಮ್ಮ ಮಂಡಿ ನೀವಿಕೊಂಡರು. "ಎರಡು ವಾರ ನರಳಿದ್ನಲ್ಲಮ್ಮ," ಎಂದರು. ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ಎಲ್ಲಿ, ಕೈ ಎತ್ತು ನೋಡೋಣ."

ಕೈ ಹೆಗಲ ಮಟ್ಟಕ್ಕೆ ಬಂದು ನಿಂತಿತು.

"ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ದಡ್ಡಿ! ನಾಳೆಯೇ ಡಾಕ್ಟರಿಗೆ ತೋರಿಸು."

ಈಗ ಅಕ್ಕ ಆಸ್ಪತ್ರೆಯಲ್ಲಿ ಕಲಿಸಿಕೊಟ್ಟಂತೆ ದಿನವೂ ಅಂಗಡಿಯ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುತ್ತಾಳೆ. ಗಿರಾಕಿ ಬಂದರೂ ಕೈ ಇಳಿಸುವುದಿಲ್ಲ. "ಹೆಗಲು ನೋವು ಕಣ್ರೀ, ಐದು ನಿಮಿಷ ಕೂತಿರಿ," ಎನ್ನುತ್ತಾಳೆ. ಇಬ್ಬರು ಮೂವರು ಎದುರಿನ ಅಂಗಡಿಗೆ ಹೋದದ್ದೂ ಉಂಟು. ಮೇಷ್ಟ್ರು ಮತ್ತೆ ಎಣ್ಣೆ ತಿಕ್ಕಿಕೊಂಡು ತಾವೇ ನಡೆದು ಬರುತ್ತಾರೆ. ಬಟ್ಟೆಯನ್ನು ನೋಡದೆಯೇ ಚೀಲಕ್ಕೆ ತುಂಬಲು ಹೋಗುತ್ತಾರೆ. ಅಕ್ಕ ಬಿಡುವುದಿಲ್ಲ. ಅವರ ಮುಖ ನೋಡಲಾರದೆ ತಲೆ ತಗ್ಗಿಸಿಯೇ ಒಂದೊಂದು ಶರ್ಟನ್ನೂ ಬಿಡಿಸಿ, ಬೆನ್ನಿನ ಭಾಗವನ್ನು ಬೆಳಕಿಗೆ ಹಿಡಿದು ತೋರಿಸಿ, ಮತ್ತೆ ಮಡಿಸಿ ಕೊಡುತ್ತಾಳೆ.